ಬಾಣದ ಬಾಲದಲ್ಲಿ ‘ಸಾಕು’, ಮೊನೆಯಲ್ಲಿ ‘ಬೇಕು’

ಈಗಿನ ಸ್ಪರ್ಧಾಪರೀಕ್ಷೆಗಳಲ್ಲಿ ತರ್ಕಶಕ್ತಿಯನ್ನು ಅಳೆಯುವ ಪ್ರಶ್ನೆಗಳು ಇದ್ದೇ ಇರುತ್ತವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಮಹಾರಾಷ್ಟ್ರ ರಾಜ್ಯದ ಶಿಷ್ಯವೃತ್ತಿ ಪರೀಕ್ಷೆಯಲ್ಲಿ ಬುದ್ಧಿಮತ್ತೆಯ ಭಾಗವಿದೆ. ಬ್ಯಾಂಕಿನ ಗುಮಾಸ್ತೆಯ ಹುದ್ದೆಗಾಗಿ ನಡೆಯುವ ಪರೀಕ್ಷೆಯಲ್ಲಿಯೂ ಕಾನೂನು ಕಾಲೇಜಿನ ಪ್ರವೇಶಪರೀಕ್ಷೆಯಲ್ಲಿಯೂ ಇಂಥ ಪ್ರಶ್ನೆಗಳಿಗೆ ಸ್ಥಾನವಿದೆ. ಇವುಗಳಿಗೆ ಉತ್ತರ ಹೇಳಲು ಸೂತ್ರಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಇಸವಿಗಳನ್ನು ನೆನಪಿಡಬೇಕಾಗಿಲ್ಲ. ಎರಡು ಮೂರು ವಾಕ್ಯಗಳನ್ನು ಕೊಟ್ಟು, ‘ಇವು ನಿಜವೆಂದು ಇಟ್ಟುಕೊಂಡರೆ ಕೆಳಗಿನವುಗಳಲ್ಲಿ ಯಾವುದು ಖಂಡಿತವಾಗಿಯೂ ನಿಜ?’ ಎಂದು ಕೇಳಿರುತ್ತಾರೆ. ವಾಕ್ಯಗಳು ಮನೆಮಾತಿನಷ್ಟೇ ಸರಳ. ಆದರೂ ಲೆಕ್ಕದಲ್ಲಿ ಎಡವದ ಹುಡುಗರು ಇಲ್ಲಿ ಎಡವುತ್ತಾರೆ. ಮನೆಮಾತಿನಷ್ಟು ಸರಳವಾಗಿರುವುದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಮನೆಯಲ್ಲಿ ಕಿವಿಗೆ ಬಿದ್ದ ಮಾತನ್ನು ನಾವು ಒಂದು ರೀತಿಯಾಗಿ ಗ್ರಹಿಸುತ್ತೇವೆ. ಪರೀಕ್ಷಕನು ಅದೇ ಮಾತನ್ನು ಇನ್ನೊಂದು ರೀತಿಯಾಗಿ ಹಿಡಿಯುತ್ತಾನೆ.

ಇಂಥ ಪ್ರಶ್ನೆಗಳಲ್ಲಿ ಬಹುಪಾಲು ‘ರೆ’ ಎಂಬ ಒಂದು ಅಕ್ಷರದ ಮೇಲೆ ನಿಂತಿವೆ. ಬಂದರೆ, ಹೋದರೆ, ಓದಿದರೆ, ಇದ್ದರೆ—ಹೀಗೆ ಕ್ರಿಯಾಪದದ ಕೊನೆಗೆ ಹತ್ತುವ ಈ ಪ್ರತ್ಯಯವನ್ನು ವೈಯಾಕರಣರು ಪಕ್ಷಾರ್ಥಕವೆನ್ನುವರು. ಹಳಗನ್ನಡದಲ್ಲಿ ಇದು ‘ಬಂದೊಡೆ’ ಎಂದಿತ್ತು. ವಚನಕಾರರಲ್ಲಿ ‘ಬಂದಡೆ’ ಎಂದಾಯಿತು. ನಮ್ಮ ಬಾಯಲ್ಲಿ ‘ಬಂದರೆ’ ಎಂದಾಗಿದೆ. ರೂಪವು ಬದಲಾದರೂ ಅದು ಮಾಡುವ ಕೆಲಸ ಬದಲಾಗಲಿಲ್ಲ. ಎರಡು ಸಂಗತಿಗಳನ್ನು ಹಗ್ಗದಿಂದ ಕಟ್ಟಿ, ಒಂದು ಬಂದಾಗ ಇನ್ನೊಂದು ತಪ್ಪದೆ ಬರುವುದೆಂದು ಸಾರುವುದೇ ಆ ಕೆಲಸ. ಈ ಹಗ್ಗವನ್ನು ಕಾಗದದ ಮೇಲೆ ಬಾಣದ ಗುರುತಾಗಿ ಬರೆದುಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇವೆ.

ಮುಂಬಯಿಯಲ್ಲಿರುವ ನಮಗೆ ಲೋಕಲ್ ಗಾಡಿಗಿಂತ ಹತ್ತಿರದ ಉದಾಹರಣೆ ಬೇರೆ ಯಾವುದು? ‘ಮೊದಲ ದರ್ಜೆಯ ಡಬ್ಬಿಯಲ್ಲಿ ಪ್ರಯಾಣ ಮಾಡುತ್ತಿದ್ದರೆ ಅವನ ಬಳಿ ಮೊದಲ ದರ್ಜೆಯ ಟಿಕೆಟು ಇರುತ್ತದೆ.’ ಟಿಕೆಟಿಲ್ಲದೆ ನುಗ್ಗುವವರ ಮಾತನ್ನು ಸದ್ಯಕ್ಕೆ ಬಿಡೋಣ. ಎಲ್ಲರೂ ನಿಯಮದಂತೆ ನಡೆಯುವವರೆಂದೇ ಇಟ್ಟುಕೊಳ್ಳೋಣ. ಮೊದಲ ದರ್ಜೆಯ ಡಬ್ಬಿಯಲ್ಲಿರುವುದಕ್ಕೆ ‘ಡ’ ಎಂದೂ ಮೊದಲ ದರ್ಜೆಯ ಟಿಕೆಟು ಇರುವುದಕ್ಕೆ ‘ಟ’ ಎಂದೂ ಸಂಕೇತವನ್ನಿಟ್ಟರೆ ಈ ವಾಕ್ಯದ ಚಿತ್ರ ಇಷ್ಟೇ:

ಡ → ಟ

‘ಇಲ್ಲ’ ಎಂಬುದನ್ನು ತೋರಿಸಲು ಅಕ್ಷರದ ಎಡಕ್ಕೆ ಒಂದು ಕತ್ತರಿ ಗುರುತನ್ನು ಹಾಕೋಣ. ×ಟ ಎಂದರೆ ಮೊದಲ ದರ್ಜೆಯ ಟಿಕೆಟು ಇಲ್ಲ. ಈಗ ಈ ಒಂದು ಬಾಣವನ್ನು ಹಿಡಿದುಕೊಂಡು ಆಚೀಚೆ ತಿರುಗಿಸಿದರೆ ಇನ್ನು ಮೂರು ಬಾಣಗಳು ಹುಟ್ಟುತ್ತವೆ. ಪರೀಕ್ಷಕನು ಉತ್ತರಗಳ ಸಾಲಿನಲ್ಲಿ ಈ ಮೂರನ್ನೂ ಇಟ್ಟಿರುತ್ತಾನೆ.

ಮೊದಲನೆಯದು ಟ → ಡ. ‘ಮೊದಲ ದರ್ಜೆಯ ಟಿಕೆಟು ಇದ್ದರೆ ಅವನು ಆ ಡಬ್ಬಿಯಲ್ಲಿಯೇ ಇರುತ್ತಾನೆ.’ ಇದಕ್ಕೆ ವಿಲೋಮವೆಂದು ಹೆಸರು. ಇದು ನಿಜವಲ್ಲ. ಮೊದಲ ದರ್ಜೆಯ ಪಾಸನ್ನು ಕಿಸೆಯಲ್ಲಿಟ್ಟುಕೊಂಡು ಗೆಳೆಯರೊಡನೆ ಹರಟುವುದಕ್ಕಾಗಿ ಎರಡನೆಯ ದರ್ಜೆಯಲ್ಲಿ ನಿಂತು ಹೋಗುವವನನ್ನು ಯಾವ ನಿಯಮವೂ ತಡೆಯದು. ಎರಡನೆಯದು ×ಡ → ×ಟ. ‘ಆ ಡಬ್ಬಿಯಲ್ಲಿ ಇಲ್ಲದಿದ್ದರೆ ಆ ಟಿಕೆಟೂ ಇಲ್ಲ.’ ಇದು ಪ್ರತಿಲೋಮ. ಅದೇ ಹರಟೆಗಾರನು ಇದನ್ನೂ ಸುಳ್ಳುಮಾಡುತ್ತಾನೆ. ಮೂರನೆಯದು ×ಟ → ×ಡ. ‘ಆ ಟಿಕೆಟು ಇಲ್ಲದಿದ್ದರೆ ಅವನು ಆ ಡಬ್ಬಿಯಲ್ಲಿ ಇಲ್ಲ.’ ಇದು ವ್ಯತಿರೇಕ, ಮೂಲವಾಕ್ಯದಷ್ಟೇ ನಿಜ. ಮೂಲವನ್ನು ಒಪ್ಪಿದವನು ಇದನ್ನು ಒಪ್ಪಲೇಬೇಕು. ಏಕೆಂದರೆ ಟಿಕೆಟಿಲ್ಲದವನೊಬ್ಬನು ಆ ಡಬ್ಬಿಯಲ್ಲಿ ಇದ್ದುದಾದರೆ ಡ → ಟ ಎಂಬ ನಿಯಮವೇ ಮುರಿದು ಬೀಳುವುದು.

ಬಾಣವನ್ನು ತಿರುಗಿಸಿ ಎರಡು ಕಡೆಗೂ ಕತ್ತರಿ ಹಾಕಿದರೆ ಸರಿ. ತಿರುಗಿಸುವುದೊಂದನ್ನೇ ಮಾಡಿದರೂ ತಪ್ಪು, ಕತ್ತರಿ ಹಾಕುವುದೊಂದನ್ನೇ ಮಾಡಿದರೂ ತಪ್ಪು. ಇದು ನಿಮ್ಮ ರೇಖಾಗಣಿತದಲ್ಲಿಯೂ ಉಂಟು. ಎರಡು ತ್ರಿಭುಜಗಳು ಸರ್ವಸಮವಾಗಿದ್ದರೆ ಅವುಗಳ ಕ್ಷೇತ್ರಫಲಗಳು ಸಮ. ಆದರೆ ಕ್ಷೇತ್ರಫಲಗಳು ಸಮವೆಂದಮಾತ್ರಕ್ಕೆ ತ್ರಿಭುಜಗಳು ಸರ್ವಸಮವಲ್ಲ. ಪೈಥಾಗೊರಸನ ಪ್ರಮೇಯದ ವಿಲೋಮವು ನಿಜವಾದುದು ಹೌದು. ಆದರೂ ಯೂಕ್ಲಿಡನು ಅದನ್ನು ಸುಮ್ಮನೆ ಒಪ್ಪಲಿಲ್ಲ. ತನ್ನ ಮೊದಲನೆಯ ಪುಸ್ತಕದಲ್ಲಿ 47ನೆಯ ಪ್ರತಿಜ್ಞೆಯಾಗಿ ಪ್ರಮೇಯವನ್ನೂ, 48ನೆಯದಾಗಿ ಅದರ ವಿಲೋಮವನ್ನೂ ಇಟ್ಟು ಎರಡಕ್ಕೂ ಬೇರೆ ಬೇರೆ ಸಾಧನೆ ಕೊಟ್ಟನು. ಹಿಮ್ಮುಖದ ಬಾಣವನ್ನು ಬರೆಯಬೇಕೆಂದಿದ್ದರೆ ಅದಕ್ಕೆ ಪ್ರತ್ಯೇಕವಾದ ಆಧಾರ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಬಾಣವನ್ನು ಯಾವ ಕಡೆಯಿಂದ ಯಾವ ಕಡೆಗೆ ಬರೆಯಬೇಕೆಂಬುದೇ ಮುಖ್ಯವಾದ ತೊಡಕು. ಇದನ್ನು ಬಿಡಿಸಲು ಕನ್ನಡದಲ್ಲಿ ಎರಡು ಚಿಕ್ಕ ಶಬ್ದಗಳಿವೆ: ಸಾಕು, ಬೇಕು. ಒಬ್ಬನು ಮೊದಲ ದರ್ಜೆಯ ಡಬ್ಬಿಯಲ್ಲಿದ್ದಾನೆಂದು ತಿಳಿದರೆ ಸಾಕು, ಅವನ ಬಳಿ ಟಿಕೆಟು ಇದೆಯೆಂದು ಹೇಳಬಹುದು. ಆ ಡಬ್ಬಿಯಲ್ಲಿರಲು ಟಿಕೆಟು ಬೇಕು. ಯಾವುದು ‘ಸಾಕೋ’ ಅದು ಬಾಣದ ಬಾಲದಲ್ಲಿ, ಯಾವುದು ‘ಬೇಕೋ’ ಅದು ಮೊನೆಯಲ್ಲಿ. ಟಿಕೆಟು ಬೇಕು, ನಿಜ. ಆದರೆ ಟಿಕೆಟೊಂದಿದ್ದರೆ ಸಾಕು, ಅವನು ಅಲ್ಲಿಯೇ ಕುಳಿತಿರುತ್ತಾನೆ ಎನ್ನಲಾಗದು. ಸಾಕಾದುದನ್ನೂ ಬೇಕಾದುದನ್ನೂ ಅದಲುಬದಲು ಮಾಡುವುದರಿಂದಲೇ ಪರೀಕ್ಷೆಯಲ್ಲಿ ಅಂಕಗಳು ಕಳೆದುಹೋಗುತ್ತವೆ.

ಈ ಅದಲುಬದಲಿಗೆ ಎಡೆಗೊಡುವ ಕೆಲವು ಮಾತುಗಳು ನಮ್ಮ ಭಾಷೆಯಲ್ಲಿವೆ. ಅವುಗಳನ್ನು ತುಸು ನಿಂತು ನೋಡಬೇಕು.

‘ಹಾಜರಿ ಸಾಕಷ್ಟಿದ್ದರೆ ಪರೀಕ್ಷೆಗೆ ಕೂರಿಸುತ್ತಾರೆ’—ಇಲ್ಲಿ ‘ರೆ’ ಹತ್ತಿದ ಹಾಜರಿಯು ಬಾಲದಲ್ಲಿ ಬರುತ್ತದೆ: ಹಾ → ಪ. ಈಗ ಒಂದೇ ಒಂದು ಪದವನ್ನು ಸೇರಿಸೋಣ. ‘ಹಾಜರಿ ಸಾಕಷ್ಟಿದ್ದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತಾರೆ.’ ಬಾಣವು ತಿರುಗಿ ನಿಂತಿತು: ಪ → ಹಾ. ಪರೀಕ್ಷೆಗೆ ಕೂರಲು ಹಾಜರಿ ಬೇಕು ಎಂದಷ್ಟೇ ಈ ವಾಕ್ಯದ ಅರ್ಥ; ಹಾಜರಿ ಇದ್ದರೆ ಸಾಕು ಎಂದಲ್ಲ. ಶುಲ್ಕ ಕಟ್ಟದಿದ್ದರೋ, ಅರ್ಜಿ ತುಂಬದಿದ್ದರೋ ಹಾಜರಿಯಿದ್ದವನನ್ನೂ ಕೂರಿಸದೆ ಇರಬಹುದು. ‘ರೆ’ ಕಂಡೊಡನೆ ಅದನ್ನು ಬಾಲದಲ್ಲಿ ಬರೆಯುವ ಅಭ್ಯಾಸವಾದವರು ಇಲ್ಲಿ ತಪ್ಪುತ್ತಾರೆ. ‘ಇದ್ದರಷ್ಟೇ’, ‘ಇದ್ದಲ್ಲಿ ಮಾತ್ರ’ ಎಂಬ ರೂಪಗಳೂ ಹೀಗೆಯೇ ಬಾಣವನ್ನು ತಿರುಗಿಸುತ್ತವೆ. ಆದ್ದರಿಂದ ಪ್ರಶ್ನೆಪತ್ರಿಕೆಯಲ್ಲಿ ‘ಮಾತ್ರ’ ಎಂಬುದು ಕಂಡರೆ ಅದರ ಕೆಳಗೆ ಮೊದಲು ಗೆರೆ ಎಳೆದು ಬಳಿಕ ಮುಂದೆ ಓದುವುದು ಒಳ್ಳೆಯದು.

‘ಹೊರತು’ ಎಂಬುದು ಇನ್ನೂ ವಿಚಿತ್ರವಾದ ಶಬ್ದ. ‘ಮುಖ್ಯಾಧ್ಯಾಪಕರ ಸಹಿಯಾದ ಹೊರತು ದಾಖಲೆಯ ಪತ್ರವನ್ನು ಕೊಡಲಾಗದು’ ಎನ್ನುತ್ತೇವೆ. ‘ಸಹಿಯಾಗದ ಹೊರತು ಕೊಡಲಾಗದು’ ಎಂದೂ ಎನ್ನುತ್ತೇವೆ. ಒಂದರಲ್ಲಿ ‘ಆದ’, ಇನ್ನೊಂದರಲ್ಲಿ ‘ಆಗದ’. ಬರೆಹದಲ್ಲಿ ಒಂದಕ್ಕೊಂದು ವಿರುದ್ಧ. ಆದರೆ ಕೇಳುವವನಿಗೆ ಎರಡರ ಅರ್ಥವೂ ಒಂದೇ ಆಗಿ ತಿಳಿಯುತ್ತದೆ. ಇಂಥಲ್ಲಿ ಅಕ್ಷರವನ್ನು ಹಿಡಿದು ಹೊರಟರೆ ದಾರಿ ತಪ್ಪುವೆವು. ಯಾವುದು ‘ಬೇಕು’ ಎಂದು ಕೇಳಿಕೊಂಡರೆ ತೊಡಕು ಬಿಡುವುದು. ಪತ್ರಕ್ಕೆ ಸಹಿ ಬೇಕು. ಆದುದರಿಂದ ಪತ್ರ → ಸಹಿ. ವ್ಯತಿರೇಕವಾಗಿ, ×ಸಹಿ → ×ಪತ್ರ. ಸಹಿಯಾದಮೇಲೆ ಪತ್ರವು ಕೈಗೆ ಬಂದೇ ಬರುವುದೆಂದು ಮಾತ್ರ ಈ ವಾಕ್ಯವು ಹೇಳುವುದಿಲ್ಲ. ಕಚೇರಿಗಳ ಬಾಗಿಲಲ್ಲಿ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ!

‘ರೆ’ಯ ಬದಲಿಗೆ ‘ರೂ’ ಬಂದರೆ ಹಗ್ಗವೇ ಬಿಚ್ಚಿಹೋಗುತ್ತದೆ. ‘ಮಳೆ ಬಂದರೂ ಶಾಲೆಯುಂಟು’ ಎಂಬಲ್ಲಿ ಶಾಲೆಯು ನಡೆಯುವುದಕ್ಕೂ ಮಳೆಗೂ ಸಂಬಂಧವಿಲ್ಲವೆಂದೇ ತಾತ್ಪರ್ಯ. ಇಲ್ಲಿ ಬಾಣ ಬರೆಯಬಾರದು. ‘ಶಾಲೆಯುಂಟು’ ಎಂದಷ್ಟೇ ಗುರುತು ಮಾಡಿಕೊಂಡರಾಯಿತು. ಇನ್ನು ‘ಎಲ್ಲ’, ‘ಪ್ರತಿಯೊಬ್ಬ’, ‘ಯಾರೂ ಇಲ್ಲ’ ಎಂಬ ವಾಕ್ಯಗಳಲ್ಲಿ ‘ರೆ’ ಕಾಣದಿದ್ದರೂ ಬಾಣವು ಅಡಗಿರುತ್ತದೆ. ‘ಹತ್ತನೆಯ ತರಗತಿಯ ಎಲ್ಲರೂ ಸಹಲಿಗೆ ಬರುತ್ತಾರೆ’ ಎಂದರೆ ಹತ್ತನೆಯವನು → ಸಹಲು. ‘ಹತ್ತನೆಯವರು ಯಾರೂ ಬರುವುದಿಲ್ಲ’ ಎಂದರೆ ಹತ್ತನೆಯವನು → ×ಸಹಲು.

ಈ ವಿಚಾರವೆಲ್ಲ ಪಾಶ್ಚಾತ್ಯರಿಂದ ಬಂದುದೆಂದು ತಿಳಿಯುವ ಕಾರಣವಿಲ್ಲ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವ ಉದಾಹರಣೆಯನ್ನು ನಮ್ಮ ನೈಯಾಯಿಕರು ಬಹು ಹಿಂದಿನಿಂದಲೂ ಚರ್ಚಿಸಿಕೊಂಡು ಬಂದಿದ್ದಾರೆ. 17ನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವು ಇಂದಿಗೂ ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕದ ಮೊದಲ ಪುಸ್ತಕ, ಅದರಲ್ಲಿಯೂ ಇದೇ ಉದಾಹರಣೆ. ಎಲ್ಲಿ ಹೊಗೆಯಿದೆಯೋ ಅಲ್ಲಿ ಬೆಂಕಿಯಿದೆ ಎಂಬ ಈ ಸಂಬಂಧಕ್ಕೆ ಅವರು ವ್ಯಾಪ್ತಿಯೆಂದು ಹೆಸರಿಟ್ಟರು. ಹೊಗೆ ವ್ಯಾಪ್ಯ, ಬೆಂಕಿ ವ್ಯಾಪಕ. ಎಂದರೆ ಬೆಂಕಿಯ ಆವರಣವು ದೊಡ್ಡದು, ಹೊಗೆಯದು ಅದರ ಒಳಗೆ ಅಡಗಿದ ಚಿಕ್ಕದು. ಅಡಿಗೆಮನೆಯಲ್ಲಿ ಹೊಗೆಯೂ ಉಂಟು, ಬೆಂಕಿಯೂ ಉಂಟು. ಇದು ಅನ್ವಯದ ದೃಷ್ಟಾಂತ. ಮಡುವಿನಲ್ಲಿ ಬೆಂಕಿಯಿಲ್ಲ, ಆದ್ದರಿಂದ ಹೊಗೆಯೂ ಇಲ್ಲ. ಇದು ವ್ಯತಿರೇಕದ ದೃಷ್ಟಾಂತ. ನಾವು ಮೇಲೆ ಬಳಸಿದ ಹೆಸರು ಇಲ್ಲಿಂದಲೇ ಬಂದುದು.

ಹಾಗಾದರೆ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಬಹುದೇ? ಕೂಡದೆಂದರು. ಚೆನ್ನಾಗಿ ಕಾದು ಕೆಂಪಾದ ಕಬ್ಬಿಣದ ಗುಂಡನ್ನು ನೋಡಿ. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಈ ಒಂದು ಗುಂಡು ವಿಲೋಮದ ಬಾಣವನ್ನು ಮುರಿಯಲು ಸಾಕು. ಅವರು ಅಲ್ಲಿಗೇ ನಿಲ್ಲದೆ, ಬೆಂಕಿಯಿಂದ ಹೊಗೆಯೇಳಬೇಕಾದರೆ ಹಸಿ ಸೌದೆಯ ಸಂಬಂಧವೂ ಬೇಕೆಂದು ಹೇಳಿ, ಆ ಹೆಚ್ಚಿನ ನಿಬಂಧನೆಯನ್ನು ಉಪಾಧಿಯೆಂದು ಕರೆದರು. ಪರೀಕ್ಷೆಯಲ್ಲಿ ಕುಳಿತಾಗ ನಾವು ಮಾಡಬೇಕಾದುದೂ ಇದೇ. ಕಣ್ಣಿಗೆ ಒಪ್ಪುವಂತೆ ಕಾಣುವ ಉತ್ತರದ ಎದುರಿಗೆ, ‘ಇದನ್ನು ಮುರಿಯುವ ಕಬ್ಬಿಣದ ಗುಂಡು ಯಾವುದಾದರೂ ಉಂಟೋ?’ ಎಂದು ಕೇಳಿಕೊಳ್ಳಬೇಕು. ಒಂದು ಸಿಕ್ಕಿದರೆ ಆ ಉತ್ತರವನ್ನು ಹೊಡೆದುಹಾಕಬಹುದು.

ಯುರೋಪಿನಲ್ಲಿ ಇದೇ ವ್ಯಾಪ್ಯವ್ಯಾಪಕಭಾವವನ್ನು ವೃತ್ತಗಳಿಂದ ತೋರಿಸುವ ಕ್ರಮಕ್ಕೆ ಪ್ರಸಿದ್ಧಿ ತಂದವನು ಲಿಯೊನಾರ್ಡ್ ಆಯ್ಲರನೆಂಬ ಗಣಿತಜ್ಞ. ಅವನು ಬರ್ಲಿನ್ನಿನಲ್ಲಿದ್ದಾಗ, 1760ರಿಂದ 1762ರವರೆಗೆ, ಒಬ್ಬ ಜರ್ಮನ್ ರಾಜಕುಮಾರಿಗೆ ವಿಜ್ಞಾನವನ್ನೂ ತರ್ಕವನ್ನೂ ಪತ್ರಗಳ ಮೂಲಕ ಕಲಿಸಿದನು. ಆ ಪತ್ರಗಳು 1768ರಿಂದ ಪುಸ್ತಕವಾಗಿ ಹೊರಬಂದವು. ದೊಡ್ಡ ಬಳೆಯೊಳಗೆ ಚಿಕ್ಕ ಬಳೆಯನ್ನಿಟ್ಟಂತೆ ಅವನ ಚಿತ್ರ. ಚಿಕ್ಕ ಬಳೆಯೊಳಗಿನ ಕಾಳು ದೊಡ್ಡದರೊಳಗೂ ಇರಲೇಬೇಕು. ದೊಡ್ಡದರ ಹೊರಗೆ ಬಿದ್ದ ಕಾಳು ಚಿಕ್ಕದರೊಳಗೆ ಇರಲಾರದು. ಆದರೆ ದೊಡ್ಡದರೊಳಗಿನ ಕಾಳು ಚಿಕ್ಕದರ ಒಳಗೂ ಇರಬಹುದು, ಹೊರಗೂ ಇರಬಹುದು. ಬಾಣವು ಗೊಂದಲವೆನಿಸಿದವರು ಎರಡು ಬಳೆಗಳನ್ನು ಬರೆದು ನೋಡಲಿ. ಒಂದೆರಡು ವಾಕ್ಯಗಳಿಗೆ ಬಳೆ ಸಾಕು. ಐದಾರು ವಾಕ್ಯಗಳಾದರೆ ಬಳೆಗಳು ಒಂದರ ಮೇಲೊಂದು ಬಿದ್ದು ಕಣ್ಣಿಗೆ ಗೋಜಲಾಗುತ್ತದೆ. ಅಂಥಲ್ಲಿ ಬಾಣವೇ ಮೇಲು.

ಇಷ್ಟು ತಿಳಿದ ಮೇಲೂ ತಪ್ಪುವುದೇಕೆ? ತಾಯಿಯು ಮಗನಿಗೆ, ‘ಮನೆಗೆಲಸ ಮುಗಿಸಿದರೆ ಆಟಕ್ಕೆ ಬಿಡುತ್ತೇನೆ’ ಎನ್ನುತ್ತಾಳೆ. ಮುಗಿಸದಿದ್ದರೆ ಬಿಡುವುದಿಲ್ಲವೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಮಗನಿಗೆ ಅದು ಕೇಳಿಸಿತು, ಕೇಳಿಸಬೇಕೆಂದೇ ಅವಳ ಇಚ್ಛೆ. ಮನೆಯ ಮಾತಿನಲ್ಲಿ ‘ರೆ’ ಎಂಬುದು ಎಷ್ಟೋ ಸಲ ತನ್ನ ಪ್ರತಿಲೋಮವನ್ನೂ ಬೆನ್ನಮೇಲೆ ಹೊತ್ತುಕೊಂಡು ಬರುತ್ತದೆ. ಅದು ಸಂಸಾರಕ್ಕೆ ಸರಿ. ಪ್ರಶ್ನೆಪತ್ರಿಕೆಯ ‘ರೆ’ ಹಾಗಲ್ಲ. ಅಚ್ಚಾದುದಕ್ಕಿಂತ ಒಂದಕ್ಷರವನ್ನೂ ಹೆಚ್ಚಾಗಿ ಅದು ಹೇಳುವುದಿಲ್ಲ. ಕಿವಿಯು ಸೇರಿಸಿಕೊಳ್ಳುವ ಈ ಹೆಚ್ಚಿನ ಮಾತನ್ನು ಕಣ್ಣು ತಡೆಯಲೆಂದೇ ಬಾಣವನ್ನು ಬರೆಯುವುದು.

ಪರೀಕ್ಷೆಯ ಕೋಣೆಯಿಂದ ಹೊರಗೂ ಈ ಕಿವಿಯ ತಪ್ಪು ನಡೆಯುತ್ತದೆ, ಅಲ್ಲಿ ಅದು ಅಂಕಗಳಿಗಿಂತ ಹೆಚ್ಚಿನದನ್ನು ಕಳೆಯುತ್ತದೆ. ‘ಓದದಿದ್ದರೆ ನಪಾಸಾಗುತ್ತಾರೆ’ ಎಂಬುದು ಪ್ರತಿಯೊಂದು ಮನೆಯಲ್ಲಿಯೂ ಕೇಳಿಬರುವ ಮಾತು. ಫಲಿತಾಂಶದ ದಿನ ಹುಡುಗನೊಬ್ಬನು ನಪಾಸಾಗಿ ಮನೆಗೆ ಹೋಗುತ್ತಾನೆ. ‘ನಪಾಸಾದೆಯಲ್ಲ, ಹಾಗಾದರೆ ನೀನು ಓದಲಿಲ್ಲ’ ಎಂದು ತೀರ್ಪು ಹೊರಡುತ್ತದೆ. ನೆರೆಯವರೂ ತಲೆದೂಗುತ್ತಾರೆ; ಕೆಲವೊಮ್ಮೆ ಶಿಕ್ಷಕರಾದ ನಾವೂ ತಲೆದೂಗುವುದುಂಟು. ಇದನ್ನು ಬರೆದು ನೋಡೋಣ. ×ಓ → ನ. ನಪಾಸು ಬಾಣದ ಮೊನೆಯಲ್ಲಿದೆ. ಮೊನೆಯಿಂದ ಬಾಲಕ್ಕೆ ಹಿಂದಿರುಗುವ ದಾರಿಯಿಲ್ಲ. ಓದದವನು ನಪಾಸಾಗುವನೆಂದು ಒಪ್ಪಿದರೂ, ನಪಾಸಾದವನು ಓದಲಿಲ್ಲವೆಂದು ಆಗಲಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಏಳೆಂಟು ಮಂದಿಯ ನಡುವೆ ಪುಸ್ತಕ ಹಿಡಿದು, ಬೆಳಗಿನ ಜಾವ ನೀರಿಗಾಗಿ ಎದ್ದು, ತಂದೆಯ ಅಂಗಡಿಯಲ್ಲಿ ಸಂಜೆಯವರೆಗೆ ನಿಂತು, ಓದಿಯೂ ನಪಾಸಾಗುವ ಮಕ್ಕಳಿದ್ದಾರೆ. ಜ್ವರದಲ್ಲಿ ಪರೀಕ್ಷೆ ಬರೆದವರಿದ್ದಾರೆ. ಇವರೆಲ್ಲರೂ ಆ ತೀರ್ಪನ್ನು ಮುರಿಯುವ ಕಬ್ಬಿಣದ ಗುಂಡುಗಳು. ಆ ವಾಕ್ಯದಿಂದ ನಿಜವಾಗಿ ಹೊರಡುವುದು ವ್ಯತಿರೇಕ ಮಾತ್ರ: ×ನ → ಓ, ಪಾಸಾಗಿದ್ದರೆ ಓದಿದ್ದಾನೆ. ಇದನ್ನು ಯಾರೂ ಪಾಸಾದ ಹುಡುಗನಿಗೆ ಹೇಳಿ ಬೆನ್ನುತಟ್ಟುವುದನ್ನು ನಾವು ಹೆಚ್ಚಾಗಿ ಕಂಡಿಲ್ಲ; ‘ಪುಣ್ಯ, ಹೇಗೋ ಪಾರಾದೆ’ ಎನ್ನುವುದೇ ಹೆಚ್ಚು.

ಇಂಥದೇ ಇನ್ನೊಂದು ಮಾತು ನಮ್ಮ ಶಾಲೆಯ ಮೆಟ್ಟಿಲವರೆಗೂ ಬರುತ್ತದೆ. ‘ಇಂಗ್ಲಿಷ್ ಮಾಧ್ಯಮದಲ್ಲಿ ಓದಿದರೆ ಕೆಲಸ ಸಿಗುತ್ತದೆ’ ಎಂದು ಪಾಲಕರು ಕೇಳಿರುತ್ತಾರೆ. ಕೇಳಿದ ಮೇಲೆ, ‘ಕನ್ನಡ ಮಾಧ್ಯಮದಲ್ಲಿ ಓದಿದರೆ ಸಿಗುವುದಿಲ್ಲ’ ಎಂದು ತಾವಾಗಿ ಸೇರಿಸಿಕೊಂಡು ಮಗುವಿನ ದಾಖಲೆಯ ಪತ್ರ ಕೇಳಲು ಬರುತ್ತಾರೆ. ಮೊದಲನೆಯ ಮಾತು ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆ ಇರಲಿ. ಅದನ್ನು ಪೂರ್ತಿಯಾಗಿ ಒಪ್ಪಿದರೂ ಎರಡನೆಯದು ಅದರ ಪ್ರತಿಲೋಮ, ತಾನಾಗಿ ಸಿದ್ಧವಾಗದು. ಹಾಗೆಂದು, ಕನ್ನಡ ಮಾಧ್ಯಮದವರಿಗೆ ಕೆಲಸ ಸಿಕ್ಕೇ ಸಿಗುವುದೆಂದೂ ಈ ಬಾಣದಿಂದ ಸಿದ್ಧವಾಗಲಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ ಕನ್ನಡ ಮಾಧ್ಯಮದವರ ವಿಷಯದಲ್ಲಿ ಈ ವಾಕ್ಯವು ಮೌನವಾಗಿದೆ. ಮೌನವಾದ ವಾಕ್ಯದ ಬಾಯಲ್ಲಿ ಮಾತು ಇಡುವುದು ತರ್ಕವಲ್ಲ.

ಮನುಷ್ಯರ ಈ ಸ್ವಭಾವವನ್ನು ಪ್ರಯೋಗದಿಂದ ತೋರಿಸಿದವನು ಪೀಟರ್ ವೇಸನ್ ಎಂಬ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ. 1966ರಲ್ಲಿ ಅವನು ಪ್ರಕಟಿಸಿದ ಒಗಟು ಇಂದಿಗೂ ಪ್ರಸಿದ್ಧವಾಗಿದೆ. ಅದನ್ನು ಕನ್ನಡದ ಅಕ್ಷರಗಳಲ್ಲಿ ಹೇಳುವುದಾದರೆ ಹೀಗೆ: ಮೇಜಿನ ಮೇಲೆ ನಾಲ್ಕು ಚೀಟಿಗಳಿವೆ. ಪ್ರತಿಯೊಂದರ ಒಂದು ಪಕ್ಕದಲ್ಲಿ ಅಕ್ಷರ, ಮತ್ತೊಂದು ಪಕ್ಕದಲ್ಲಿ ಸಂಖ್ಯೆ. ನಮಗೆ ಕಾಣುವ ಪಕ್ಕದಲ್ಲಿ ಕ್ರಮವಾಗಿ ಅ, ಕ, 4, 7 ಎಂದಿವೆ. ‘ಒಂದು ಪಕ್ಕದಲ್ಲಿ ಸ್ವರವಿದ್ದರೆ ಇನ್ನೊಂದು ಪಕ್ಕದಲ್ಲಿ ಸಮಸಂಖ್ಯೆಯಿದೆ’ ಎಂಬ ನಿಯಮವು ನಿಜವೋ ಸುಳ್ಳೋ ತಿಳಿಯಬೇಕಾದರೆ ಯಾವ ಯಾವ ಚೀಟಿಗಳನ್ನು ತಿರುವಿ ನೋಡಬೇಕು? ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಬರೆದಿಡಿ.

ಬಹುಮಂದಿ ‘ಅ’ ಮತ್ತು ‘4’ ಎನ್ನುತ್ತಾರೆ. ಸರಿಯಾದ ಉತ್ತರ ‘ಅ’ ಮತ್ತು ‘7’. ಸ್ವ → ಸ ಎಂಬುದು ಬಾಣ. ‘4’ರ ಹಿಂದೆ ಸ್ವರವಿದ್ದರೂ ವ್ಯಂಜನವಿದ್ದರೂ ನಿಯಮಕ್ಕೆ ಬಾಧೆಯಿಲ್ಲ. ‘7’ ಎಂಬುದು ×ಸ. ಅದರ ಹಿಂದೆ ಸ್ವರವೊಂದು ಅಡಗಿದ್ದರೆ ನಿಯಮವು ಅಲ್ಲಿಗೇ ಮುಗಿಯಿತು. ವೇಸನ್ನನ ಪ್ರಯೋಗಗಳಲ್ಲಿ ಹತ್ತರಲ್ಲಿ ಒಬ್ಬರು ಕೂಡ ಇದನ್ನು ಸರಿಯಾಗಿ ಹೇಳಲಿಲ್ಲ. ಉತ್ತರಿಸಿದವರು ಕಾಲೇಜಿನ ವಿದ್ಯಾರ್ಥಿಗಳೇ ಆಗಿದ್ದರು.

ಈಗ ಚೀಟಿಗಳನ್ನು ಬಿಟ್ಟು ಲೋಕಲ್ ಗಾಡಿಯ ಟಿ.ಸಿ.ಯನ್ನು ನೋಡೋಣ. ನಿಲ್ದಾಣದಲ್ಲಿ ಅವರ ಎದುರಿಗೆ ನಾಲ್ವರು ಬಂದರು. ಒಬ್ಬನು ಮೊದಲ ದರ್ಜೆಯ ಡಬ್ಬಿಯಿಂದ ಇಳಿದುದನ್ನು ಅವರು ಕಂಡಿದ್ದಾರೆ. ಇನ್ನೊಬ್ಬನು ಎರಡನೆಯ ದರ್ಜೆಯಿಂದ ಇಳಿದುದನ್ನೂ ಕಂಡಿದ್ದಾರೆ. ಮೂರನೆಯವನು ಮೊದಲ ದರ್ಜೆಯ ಪಾಸನ್ನು ಮುಂದೆ ಹಿಡಿದಿದ್ದಾನೆ, ನಾಲ್ಕನೆಯವನು ಎರಡನೆಯ ದರ್ಜೆಯದನ್ನು. ಈ ಕೊನೆಯ ಇಬ್ಬರು ಎಲ್ಲಿಂದ ಇಳಿದರೆಂಬುದು ತಿಳಿಯದು. ಮೊದಲ ದರ್ಜೆಯ ನಿಯಮ ಮುರಿದವರನ್ನು ಹಿಡಿಯಬೇಕಾದರೆ ಯಾರನ್ನು ವಿಚಾರಿಸಬೇಕು? ಮೊದಲನೆಯವನಿಗೆ ಟಿಕೆಟು ಕೇಳಬೇಕು, ನಾಲ್ಕನೆಯವನಿಗೆ ‘ಯಾವ ಡಬ್ಬಿಯಿಂದ ಇಳಿದೆ?’ ಎಂದು ಕೇಳಬೇಕು. ಉಳಿದಿಬ್ಬರ ಗೊಡವೆ ಬೇಡ. ಇದನ್ನು ನಿಮ್ಮಲ್ಲಿ ಯಾರೂ ತಪ್ಪಲಾರಿರಿ. ಆದರೆ ಇದು ಆ ಚೀಟಿಗಳ ಒಗಟೇ, ವೇಷ ಬೇರೆ. 1982ರಲ್ಲಿ ಅಮೆರಿಕದ ಗ್ರಿಗ್ಸ್ ಮತ್ತು ಕಾಕ್ಸ್ ಎಂಬಿಬ್ಬರು, ಮದ್ಯ ಕುಡಿಯುವವನಿಗೆ ಇಷ್ಟು ವಯಸ್ಸಾಗಿರಬೇಕೆಂಬ ಕಾನೂನಿನ ರೂಪದಲ್ಲಿ ಒಗಟನ್ನು ಕೊಟ್ಟಾಗ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲಿನಷ್ಟು ಜನ ಸರಿಯಾಗಿ ಉತ್ತರಿಸಿದರು. ನಮಗೆ ತಿಳಿದ ನಿಯಮವನ್ನು ಯಾರು ಮುರಿದಾರೆಂದು ಹುಡುಕುವಾಗ ಬುದ್ಧಿ ಚುರುಕಾಗಿರುತ್ತದೆ. ಬರಿಯ ಅಕ್ಷರಗಳ ಮುಂದೆ ಮಂಕಾಗುತ್ತದೆ. ಆದುದರಿಂದ ಅಕ್ಷರಗಳ ಪ್ರಶ್ನೆ ಬಂದಾಗ ಅದನ್ನು ಡಬ್ಬಿ ಮತ್ತು ಟಿಕೆಟಿನ ಪ್ರಶ್ನೆಯನ್ನಾಗಿ ಮಾಡಿಕೊಳ್ಳುವುದು ಒಂದು ಉಪಾಯ.

ಬಾಣಗಳನ್ನು ಸರಪಳಿಯಂತೆ ಜೋಡಿಸಬೇಕಾದ ಪ್ರಶ್ನೆಗಳಿಗೆ ಬಹುಕಾಲ ಹೆಸರಾಗಿದ್ದುದು ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಪರೀಕ್ಷೆ. ಎಲ್‌ಸ್ಯಾಟ್ ಎಂದು ಕರೆಯುವ ಈ ಪರೀಕ್ಷೆ 1948ರಲ್ಲಿ ಮೊದಲಾಯಿತು. ಅದರಲ್ಲಿ ತರ್ಕದ ಆಟಗಳೆಂಬ ಭಾಗವೊಂದಿತ್ತು. ಯಾರ ಜತೆ ಯಾರು ಕೂರಬಹುದು, ಯಾರ ಬಳಿಕ ಯಾರು ಬರಬೇಕು ಎಂಬ ನಿಬಂಧನೆಗಳನ್ನು ಕೊಡುತ್ತಿದ್ದರು. ಅಭ್ಯರ್ಥಿಗಳು ಚಿತ್ರ ಬರೆದುಕೊಂಡು ಬಿಡಿಸುತ್ತಿದ್ದರು. ಅಂಧರಾದ ಅಭ್ಯರ್ಥಿಗಳು, ಚಿತ್ರ ಬರೆಯಲಾಗದ ತಮಗೆ ಈ ಭಾಗದಿಂದ ಅನ್ಯಾಯವಾಗುತ್ತದೆಂದು ನ್ಯಾಯಾಲಯದ ಮೊರೆಹೊಕ್ಕರು, 2019ರಲ್ಲಿ ರಾಜಿಯಾಯಿತು, 2024ರ ಆಗಸ್ಟಿನಿಂದ ಆ ಭಾಗವನ್ನು ಕೈಬಿಟ್ಟರು. ಅವರ ದೂರು ನ್ಯಾಯವಾದುದೆಂದೇ ನಮಗೆ ತೋರುತ್ತದೆ. ಚಿತ್ರವು ತರ್ಕಕ್ಕೆ ಊರುಗೋಲೇ ಹೊರತು ತರ್ಕವೇ ಅಲ್ಲ. ನಿಬಂಧನೆಯ ವಾಕ್ಯಗಳಾದರೋ ಆ ಪರೀಕ್ಷೆಯ ಉಳಿದ ಭಾಗಗಳಲ್ಲಿ ಈಗಲೂ ಬರುತ್ತವೆ. ನಮ್ಮ ದೇಶದ ಪರೀಕ್ಷೆಗಳಲ್ಲಿ ಕೂರಿಸುವ, ಆರಿಸುವ ಒಗಟುಗಳೂ ಉಳಿದುಕೊಂಡಿವೆ.

ಅಂಥದೊಂದನ್ನು ನಮ್ಮ ವಾರ್ಷಿಕೋತ್ಸವದ ನಾಟಕಕ್ಕೆ ಹೊಂದಿಸಿ ಬಿಡಿಸೋಣ. ಗಿರೀಶ, ಸುಮ, ರತ್ನ, ವಾಸು, ಪದ್ಮ ಎಂಬ ಐವರಲ್ಲಿ ಪಾತ್ರಧಾರಿಗಳನ್ನು ಆರಿಸಬೇಕು. ನಿಬಂಧನೆಗಳು ನಾಲ್ಕು. ಗಿರೀಶನು ಇದ್ದರೆ ಸುಮಳೂ ಇರುತ್ತಾಳೆ. ರತ್ನಳು ಇರದ ಹೊರತು ಸುಮಳು ಇರುವುದಿಲ್ಲ. ವಾಸು ಇದ್ದರೆ ರತ್ನಳು ಇರುವುದಿಲ್ಲ. ವಾಸು, ಪದ್ಮ ಇವರಿಬ್ಬರಲ್ಲಿ ಒಬ್ಬರಾದರೂ ಇರಲೇಬೇಕು.

ಮೊದಲನೆಯದು ಗ → ಸ. ಎರಡನೆಯದರಲ್ಲಿ ‘ಹೊರತು’ ಇದೆ. ಸುಮಳಿಗೆ ರತ್ನಳು ಬೇಕು, ಆದ್ದರಿಂದ ಸ → ರ. ಮೂರನೆಯದು ವ → ×ರ. ಅದರ ವ್ಯತಿರೇಕವು ರ → ×ವ. ನಾಲ್ಕನೆಯದರಲ್ಲಿ ‘ರೆ’ ಇಲ್ಲದಿದ್ದರೂ ಬಾಣವಿದೆ: ವಾಸು ಇಲ್ಲದಿದ್ದರೆ ಪದ್ಮಳು ಇರಬೇಕು, ×ವ → ಪ. ಇವುಗಳನ್ನು ಕೊಂಡಿಗೆ ಕೊಂಡಿ ಸೇರಿಸಿದರೆ,

ಗ → ಸ → ರ → ×ವ → ಪ

ಎಂಬ ಒಂದೇ ಸರಪಳಿಯಾಯಿತು. ಇದನ್ನು ಪೂರ್ತಿಯಾಗಿ ತಿರುಗಿಸಿ ಕತ್ತರಿ ಹಾಕಿದರೆ,

×ಪ → ವ → ×ರ → ×ಸ → ×ಗ

ಎಂದಾಗುವುದು. ಕತ್ತರಿಯಿದ್ದ ವಾಸುವಿಗೆ ಕತ್ತರಿ ಹೋದುದನ್ನು ಗಮನಿಸಿ. ‘ಇಲ್ಲ’ ಎಂಬುದು ಇಲ್ಲವಾದರೆ ‘ಇದೆ’ ಎಂದೇ ಅರ್ಥ.

ಇನ್ನು ಪ್ರಶ್ನೆಗಳಿಗೆ ಉತ್ತರವನ್ನು ಸರಪಳಿಯ ಮೇಲೆ ಬೆರಳಿಟ್ಟು ಓದಿ ಹೇಳಬಹುದು. ಗಿರೀಶನನ್ನು ಆರಿಸಿದರೆ ಸುಮ, ರತ್ನ, ಪದ್ಮ ಮೂವರೂ ಬರುತ್ತಾರೆ, ವಾಸು ಬರುವುದಿಲ್ಲ. ಹೆಚ್ಚೆಂದರೆ ಎಷ್ಟು ಮಂದಿ ಇರಬಹುದು? ವಾಸು ಇಲ್ಲದಿದ್ದರೆ ನಾಲ್ವರು. ವಾಸು ಇದ್ದರೆ ರತ್ನ, ಸುಮ, ಗಿರೀಶ ಮೂವರೂ ಬಿಟ್ಟುಹೋಗಿ ಪದ್ಮಳೊಬ್ಬಳೇ ಜತೆಗೆ ಉಳಿಯುವುದರಿಂದ ಇಬ್ಬರು. ರತ್ನಳಿದ್ದಾಳೆಂದು ಗೊತ್ತಾದರೆ? ಬೆರಳು ಮುಂದಕ್ಕೆ ಮಾತ್ರ ಸಾಗಬೇಕು: ವಾಸು ಇಲ್ಲ, ಪದ್ಮಳಿದ್ದಾಳೆ, ಸುಮ, ಗಿರೀಶ ಇವರ ಮಾತು ತಿಳಿಯದು. ಪದ್ಮಳಿದ್ದಾಳೆಂದಷ್ಟೇ ಹೇಳಿದರೆ? ಅವಳು ಸರಪಳಿಯ ಮೊನೆಯಲ್ಲಿದ್ದಾಳೆ. ಮತ್ತಾರ ವಿಷಯವಾಗಿಯೂ ಏನನ್ನೂ ಹೇಳುವಂತಿಲ್ಲ. ಇಲ್ಲಿ ‘ಆದ್ದರಿಂದ ಗಿರೀಶನೂ ಇದ್ದಾನೆ’ ಎಂಬ ಉತ್ತರವನ್ನು ಪರೀಕ್ಷಕನು ಖಂಡಿತವಾಗಿ ಇಟ್ಟಿರುತ್ತಾನೆ.

ಕೊನೆಯದಾಗಿ, ನಾಟಕದ ದಿನ ಪದ್ಮಳಿಗೆ ಜ್ವರ ಬಂದಿತೆನ್ನಿ. ಎರಡನೆಯ ಸರಪಳಿಯನ್ನು ಹಿಡಿದು ನೋಡಿ: ವಾಸು ಬರಲೇಬೇಕು, ವಾಸು ಬಂದರೆ ರತ್ನಳಿಲ್ಲ, ರತ್ನಳಿಲ್ಲದೆ ಸುಮಳಿಲ್ಲ, ಸುಮಳಿಲ್ಲದೆ ಗಿರೀಶನೂ ಇಲ್ಲ. ಅಂದಿನ ನಾಟಕವು ವಾಸುವಿನ ಏಕಪಾತ್ರಾಭಿನಯವಾಗುವುದು.